ಕಪ್ಪು ಬಟ್ಟೆಗೆ ಚುಚ್ಚಿದ ತೂತು

ಅಮ್ಮನ ಚೀಲದ ಬಕಲಿನ ಮೇಲೊಂದು ಬೆಳಕಿನ ಚುಕ್ಕೆ, ಸಾಸಿವೆಯಷ್ಟೇ ಇದೆ, ಆದರೂ ಈ ಕತ್ತಲೆಯಲ್ಲಿ ಎಷ್ಟು ಜೋರು — ಎಲ್ಲಿಂದ ಬಂತು, ಓ, ಕಿಟಕಿಯ ಕಪ್ಪು ಬಟ್ಟೆಗೆ ತೂತು ಬಿದ್ದಿದೆ, ಬಿದ್ದಿದ್ದಲ್ಲ, ಯಾರೋ ಚುಚ್ಚಿದ್ದು, ಯಾರೋ ಏನು ಬಂತು, ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿರುವ ಅಮ್ಮನೇ, ತಲೆಯ ಪಿನ್ನು ದಿಂಬಿನ ಪಕ್ಕದಲ್ಲೇ ಇದೆಯಲ್ಲ. ನನ್ನ ಕೈ ತನ್ನಷ್ಟಕ್ಕೆ ಮೇಜಿನ ಮೇಲಿನ ಟೇಪಿಗೆ ಹೋಯಿತು, ಲ್ಯಾಬಿನ ಕೈ, ಅಲ್ಲಿ ಕತ್ತಲ ಕೋಣೆಗೆ ಇಷ್ಟೇ ಇಷ್ಟು ಬೆಳಕು ನುಗ್ಗಿದರೂ ಮುಗಿಯಿತು, ನೊಣಗಳ ಒಳಗಿನ ಗಡಿಯಾರ ನೋಡಲೆಂದು ವಾರಗಟ್ಟಲೆ ಅವನ್ನು ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹೊರಗೆ ಊಟ ಮುಗಿಸಿದ ಮಕ್ಕಳು ಇನ್ನೂ ಚೆಂಡಾಡುತ್ತಿದ್ದಾರೆ, ಸೂರ್ಯ ಎದುರುಮನೆಯ ಮಾಡಿನ ಮೇಲೆ ಕೂತುಬಿಟ್ಟಿದ್ದಾನೆ, ಇವನಿಗೆ ಮನೆಮಠ ಏನೂ ಇಲ್ವೇನೇ, ಬಂದ ಮೊದಲ ಸಂಜೆ ಅಮ್ಮ ಕೇಳಿದ್ದು ಅದನ್ನೇ. ನಾವು ಹುಟ್ಟಿದ ಕಡೆ ಹಾಗಲ್ಲ, ಭೂಮಧ್ಯರೇಖೆ ಕೂಗಳತೆಯಲ್ಲಿದೆ, ವರ್ಷವಿಡೀ ಹಗಲಿಗೂ ಇರುಳಿಗೂ ಜಗಳವಿಲ್ಲದ ಅಣ್ಣತಮ್ಮಂದಿರ ಹಾಗೆ ಹೆಚ್ಚುಕಡಿಮೆ ಸಮಪಾಲು, ಆರಕ್ಕೆ ಕತ್ತಲೆಂದರೆ ಆರಕ್ಕೇ ಕತ್ತಲು, ಅಮ್ಮ ಗಡಿಯಾರ ನೋಡಿ ಎದ್ದದ್ದನ್ನು ನಾನು ಕಂಡಿಲ್ಲ, ಗಡಿಯಾರವೇ ಅವಳನ್ನು ನೋಡಿ ಸರಿಮಾಡಿಕೊಳ್ಳಬೇಕು. ಅಲ್ಲಿಂದ ತಂದ ನೊಣಗಳೂ ಹಾಗೆಯೇ, ನನ್ನ ಸೀಸೆಗಳಲ್ಲಿ ಹತ್ತಿಯ ಬಿರಡೆ ಹಾಕಿಸಿಕೊಂಡು ಕಗ್ಗತ್ತಲಲ್ಲಿ ಕೂತರೂ ಅದೇ ಹೊತ್ತಿಗೆ ಏಳುತ್ತವೆ, ಅದೇ ಹೊತ್ತಿಗೆ ಮಲಗುತ್ತವೆ, ಈ ಉತ್ತರದ ನೊಣಗಳು ಮಾತ್ರ ಬೆಳಕು ಕಿತ್ತುಕೊಂಡ ಕೂಡಲೇ ಲಯ ತಪ್ಪಿ ಹೊತ್ತಲ್ಲದ ಹೊತ್ತಿಗೆ ಓಡಾಡುತ್ತವೆ, ನನ್ನ ಗಂಡನ ಹಾಗೆ, ಅವನು ಇಲ್ಲಿಯವನೇ, ಹಸಿದಾಗ ಉಂಡ, ತೂಕಡಿಸಿದಾಗ ಮಲಗಿದ, ಸುಖಪುರುಷ. ಮನುಷ್ಯರಿಗೂ ನೊಣಕ್ಕೂ ಗಂಟು ಹಾಕಬೇಡಮ್ಮಾ ಎಂದು ಲ್ಯಾಬಿನ ಮೇಡಂ ಬೈಯುತ್ತಾರೆ, ಸರಿ, ಹಾಕುವುದಿಲ್ಲ, ಮನಸ್ಸಿನಲ್ಲಿ ಹಾಕಿದರೆ ಯಾರಿಗೇನು. ಮೊದಮೊದಲು ನಾವೂ ಅದನ್ನು ಕೊರತೆ ಎಂದೇ ತಿಳಿದೆವು, ಪಾಪ, ಇವುಗಳ ಗಡಿಯಾರ ಸಡಿಲ ಎಂದು — ಆಮೇಲೆ ಹೊಳೆಯಿತು, ಬೇಸಿಗೆಯಲ್ಲಿ ಹೋಗದ ಬೆಳಕು, ಚಳಿಗಾಲದಲ್ಲಿ ಬಾರದ ಬೆಳಕು, ಇಂಥ ಕಡೆ ಬಿಗಿ ಹಿಡಿದವನು ಬದುಕುವುದಿಲ್ಲ, ಇವು ಎಷ್ಟೋ ತಲೆಮಾರು ಕಳೆದು ಕಲಿತದ್ದು, ಹೊತ್ತು ಇದ್ದಷ್ಟು ಕಾಲು ಚಾಚುವುದನ್ನು. ಹಗಲು ತುಸು ಕುಗ್ಗಿತೋ, ಬಿಸಿಲು ಇನ್ನೂ ಬೆಚ್ಚಗಿರುವಾಗಲೇ ಮೊಟ್ಟೆ ಇಡುವುದನ್ನು ನಿಲ್ಲಿಸಿ ಚಳಿಗಾಲಕ್ಕೆ ಮುದುಡುತ್ತವೆ, ನಮ್ಮ ಕಡೆಯವಕ್ಕೆ ಆ ಸುಳಿವೇ ಹತ್ತುವುದಿಲ್ಲ, ಮೊಟ್ಟೆ ಇಡುತ್ತಲೇ ಇರುತ್ತವೆ.

ನಾನೂ ನಮ್ಮ ಕಡೆಯವಳೇ, ಹೊಟ್ಟೆ ಮುಂದಿಟ್ಟುಕೊಂಡು ಚಳಿಗಾಲದ ಬಾಗಿಲಿಗೆ ಹೊರಟಿದ್ದೇನೆ, ಒದೆಯುತ್ತಿದೆ ನೋಡು, ಇದಕ್ಕಿನ್ನೂ ಹಗಲೂ ಇಲ್ಲ ಇರುಳೂ ಇಲ್ಲ. ಹೆರಿಗೆಗೆ ಅಮ್ಮ ಇರಬೇಕು, ಇರಬೇಕು ಅಷ್ಟೆ, ಬೇರೆ ಯಾರಿದ್ದರೂ ಅಮ್ಮನಾಗುವುದಿಲ್ಲ. ಅದಕ್ಕೇ ಅಲ್ಲವೇ, ಈ ಬೆಳಕಿಗೆ ಅವಳಿಗೆ ನಿದ್ದೆ ಬಾರದ್ದು ಕಂಡು, ಲ್ಯಾಬಿನಿಂದ ಈ ಬಟ್ಟೆ ತಂದು, ಅಂಚಿಗೆಲ್ಲ ಟೇಪು ಬಡಿದು, ಬಾಗಿಲ ಸಂದಿಗೂ ತುರುಕಿ, ನಾನು ಬಂದು ತೆಗೆಯುವ ತನಕ ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿ ಕೆಲಸಕ್ಕೆ ಹೋದದ್ದು — ಹೆತ್ತ ತಾಯಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ, ನೊಣ ಸಾಕುವವರು ಹೇಳುತ್ತಾರೆ. ಮಧ್ಯಾಹ್ನ ಬಂದು ನೋಡಿದರೆ ತಲೆ ಬಾಚಿ, ಹಾಸಿಗೆ ಮಡಚಿ, ಕತ್ತಲಲ್ಲಿ ನೆಟ್ಟಗೆ ಕೂತಿದ್ದಾಳೆ. ಹೊಟ್ಟೆ ಬೆಳಗಾಯ್ತು ಅಂತಿತ್ತು ಕಣೇ, ಕಣ್ಣು ಇಲ್ಲ ಅಂತಿತ್ತು, ಈ ಊರಲ್ಲಿ ಯಾರ ಮಾತು ಕೇಳೋದು ಅಂತ ಗೊತ್ತಾಗ್ಲಿಲ್ಲ, ನೀನು ಬೇರೆ ಮುಟ್ಟಬೇಡ ಅಂದಿದ್ದೆ. ನನಗೆ ನಗು ಬಂತು, ನಕ್ಕೆ, ಆಮೇಲೆ ಅಳುವೂ ಬಂತು. ಅವಳು ನಗಲಿಲ್ಲ. ಭಾನುವಾರ ಊರಿಗೆ ಹೊರಡ್ತೀನಿ, ನಿದ್ದೆ ಇಲ್ದೆ ನಾನೇ ಬಿದ್ದರೆ ನಿನ್ನ ಬಾಣಂತನ ಯಾರು ಮಾಡೋದು. ಆವತ್ತೇ ಚೀಲ ಕಟ್ಟಿ ಗೋಡೆಗೊರಗಿಸಿದಳು, ಇವತ್ತು ಶುಕ್ರವಾರ, ಚೀಲ ಅಲ್ಲೇ ಇದೆ, ಬಕಲಿನ ಮೇಲೆ ಚುಕ್ಕೆ.

ಟೇಪು ಹರಿದ ಸದ್ದಿಗೆ ಕಣ್ಣು ಬಿಡದೆಯೇ ಗದರುತ್ತಾಳೆ. ಮುಚ್ಚಬೇಡ ಕಣೇ ಅದನ್ನ, ನಾನೇ ಚುಚ್ಚಿದ್ದು. ಕಷ್ಟಪಟ್ಟು ಹಾಕಿದ್ದೆನಲ್ಲಮ್ಮಾ. ಹಾಕಿದ್ದೆ ನೀನು, ಗೋರಿ ಇದ್ದ ಹಾಗಿತ್ತು, ಈಗ ನೋಡು, ಆ ಚುಕ್ಕೆ ಚೀಲ ಬಿಟ್ಟು ಗೋಡೆ ಹತ್ತಿದರೆ ಸಂಜೆ ಆಯ್ತು ಅಂತ ಲೆಕ್ಕ, ಬೆಳಿಗ್ಗೆ ತೂತು ಬೆಳ್ಳಗಾದರೆ ಏಳೋದು, ನಿನ್ನೆ ಹೊಡೆದು ಎಬ್ಬಿಸಿದರೂ ಏಳದಂಥ ನಿದ್ದೆ ಬಂತು. ನಿನ್ನೆ ನಿದ್ದೆ ಬಂತೇ, ನನಗೆ ಹೇಳಲೇ ಇಲ್ಲ, ಈ ಬೆಳಕಿಗೆ ಒಗ್ಗಲು ಎಷ್ಟು ತಲೆಮಾರು ಬೇಕಾದೀತು ಎಂದು ನಾವಲ್ಲಿ ಸೀಸೆ ಸೀಸೆ ತಿರುವುತ್ತಿದ್ದೇವೆ, ಇವಳಿಗೆ ಒಂದು ಪಿನ್ನು ಸಾಕಾಯಿತು, ಮೇಡಂಗೆ ಹೇಳಬೇಕು, ಬೇಡ, ಬೈಯುತ್ತಾರೆ. ಹಾಗಾದ್ರೆ ಭಾನುವಾರ ಎಂದು ಕೇಳಲೇ, ಒಳಗೆ ಮತ್ತೆ ಒದೆ, ನಿದ್ದೆಗಣ್ಣಲ್ಲಿ ಅವಳ ಕೈ ಬಂದು ಹೊಟ್ಟೆಯ ಮೇಲೆ ಕೂತಿತು, ಆ ಚೀಲ ಕಾಲಿಗೆ ಅಡ್ಡ ಸಿಗತ್ತೆ, ಬೀರು ಮೇಲೆ ಇಡಿಸು, ನೀನು ಎತ್ತಬೇಡ ಮತ್ತೆ, ಅಳಿಯಂದ್ರಿಗೆ ಹೇಳು, ನಾಳೆ ಆದ್ರೂ ಆಯ್ತು, ಅವಸರ ಏನಿದೆ — ಅವಸರ ಇಲ್ಲ, ಅವಸರ ಇಲ್ಲವಂತೆ, ಉಸಿರು ಉದ್ದವಾಯಿತು, ಮಲಗಿದಳು, ಹೊರಗೆ ಚೆಂಡು ಇನ್ನೂ ಪುಟಿಯುತ್ತಿದೆ, ಹರಿದ ಟೇಪು ನನ್ನ ಬೆರಳಿಗೇ ಅಂಟಿದೆ, ಚುಕ್ಕೆ ಬಕಲು ಬಿಟ್ಟಿತು, ಗೋಡೆಗೆ ಹತ್ತಿತು, ಸಾಸಿವೆಯಷ್ಟು, ಚುಕ್ಕೆ, ಗೋಡೆಯ ಮೇಲೆ ಚುಕ್ಕೆ