ಕಿರುಬೆರಳಿನಷ್ಟು ದಾರಿ

ಡಾಕ್ಟರ್ ಮೋನಮ್ಮ ಯಾರನ್ನು ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ಗದ್ದವನ್ನು. ಗದ್ದ ಎಷ್ಟು ಮುಂದಿದೆ, ಕುತ್ತಿಗೆ ಎಷ್ಟು ಉದ್ದವಿದೆ, ನಕ್ಕಾಗ ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಯಾವ ಹಲ್ಲು ಅಲುಗಾಡುತ್ತಿದೆ ಎಂಬುದನ್ನೆಲ್ಲ ನಮಸ್ಕಾರ ಮುಗಿಯುವುದರೊಳಗೆ ಅಳೆದುಬಿಡುತ್ತಾರೆ. ಶಹಾಪುರದ ಒಂದು ಮದುವೆಯ ಪಂಕ್ತಿಯಲ್ಲಿ ನಮ್ಮ ಮೊದಲ ಪರಿಚಯವಾದಾಗ, ಮೂವತ್ತೆರಡು ವರ್ಷ ಸುರಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನೆಂಬ ನನ್ನ ಹಿರಿಮೆಯನ್ನು ಬೀಗರು ವಿಸ್ತಾರವಾಗಿ ವರ್ಣಿಸುತ್ತಿದ್ದರೆ, ಈ ಹೆಣ್ಣುಮಗಳು ನನ್ನ ಕಂಠದ ಮೇಲೆ ಕಣ್ಣು ನೆಟ್ಟು ಕುಳಿತಿದ್ದರು. ವರ್ಣನೆ ಮುಗಿದ ಮೇಲೆ ಅವರು ಆಡಿದ್ದು ಇಷ್ಟೇ: “ಸರ, ನಿಮ್ಮ ಕುತ್ತಿಗಿ ಭಾಳ ಗಿಡ್ಡ ಅದ. ಎಂದಾರ ಆಪರೇಶನ್ ಆಗೋದಿದ್ರ ಮೊದಲ ನನಗ ತಿಳಸ್ರಿ.” ಕೈಯಲ್ಲಿದ್ದ ಹೋಳಿಗೆಯ ತುತ್ತು ಆಮೇಲೆ ಬಹಳ ಹೊತ್ತು ಕೈಯಲ್ಲೇ ಉಳಿಯಿತು.

ಅವರ ಉದ್ಯೋಗವೇ ಅದು ಎಂದು ಆಗ ನನಗೆ ಗೊತ್ತಿರಲಿಲ್ಲ. ಕಲಬುರ್ಗಿಯ ಒಂದು ಹೃದಯದ ಆಸ್ಪತ್ರೆಯಲ್ಲಿ ಅವರು ಅರಿವಳಿಕೆಯ ಡಾಕ್ಟರು. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವನ್ನೋ, ತಪ್ಪು ಹಾದಿ ಹಿಡಿದ ರಕ್ತನಾಳವನ್ನೋ ಹೊತ್ತು ಬರುವ ಕೂಸುಗಳ ಎದೆ ತೆರೆದು ಸರಿಪಡಿಸುವವರು ಬೇರೆ; ಆ ಕೂಸುಗಳನ್ನು ನಿದ್ದೆಗೆ ಇಳಿಸಿ, ಬಾಯಿಯಿಂದಲೋ ಮೂಗಿನಿಂದಲೋ ಶ್ವಾಸನಾಳದೊಳಕ್ಕೆ ಕೊಳವೆಯೊಂದನ್ನು ತೂರಿಸಿ, ಐದಾರು ತಾಸು ಅವುಗಳ ಉಸಿರಿನ ದಾರಿಯನ್ನು ಕಾಯುವವರು ಇವರು. ನಾಲ್ಕು ವರ್ಷದ ಮಗುವಿನ ಶ್ವಾಸನಾಳ ಅದರ ಕಿರುಬೆರಳಿನಷ್ಟು ದಪ್ಪ. ಕೊಳವೆ ಅರ್ಧ ಬೆರಳು ಕೆಳಗಿಳಿದರೆ ಒಂದೇ ಪುಪ್ಪುಸಕ್ಕೆ ಗಾಳಿ, ಅರ್ಧ ಬೆರಳು ಮೇಲೆ ಸರಿದರೆ ಎರಡಕ್ಕೂ ಇಲ್ಲ. ಈ ಒಂದು ಬೆರಳಿನ ಅಂತರದಲ್ಲಿ ಅವರು ಇಪ್ಪತ್ತೊಂದು ವರ್ಷ ಕಳೆದಿದ್ದಾರೆ.

ಹುಣಸಗಿಯ ಶಾಲಾ ಮಾಸ್ತರ ದೇವಿಂದ್ರಪ್ಪನವರ ಮಗಳು. ತಂದೆ ತಮ್ಮ ತಾಯಿಯ ಹೆಸರನ್ನೇ ಇಟ್ಟರು; ವೈದ್ಯಕೀಯ ಓದುವಾಗ ಗೆಳತಿಯರು ‘ಮೋನಿಕಾ’ ಎಂದು ತಿದ್ದಿಕೊಳ್ಳಲು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಯಾದಗಿರಿ ಸೀಮೆಯ ಬಿಸಿಲಿಗೆ ಡಾಂಬರು ಕರಗುವ ಮೇ ತಿಂಗಳಲ್ಲೂ ಬೂದುಬಣ್ಣದ ಒಂದು ಅರೆತೋಳಿನ ಸ್ವೆಟರು ಹಾಕಿರುತ್ತಾರೆ, ಆಪರೇಶನ್ ಕೋಣೆಯ ಚಳಿ ಮೈಗೆ ಅಂಟಿಬಿಟ್ಟಿದೆ ಎನ್ನುತ್ತಾರೆ. ಎಡ ಮುಂಗೈ ತುಂಬ ಬಿಳಿಯ ಅಂಟುಪಟ್ಟಿಗಳು. ಸುಟ್ಟಗಾಯವಿರಬೇಕೆಂದು ಮರುಗಿದವರಿದ್ದಾರೆ, ತೊನ್ನು ಮುಚ್ಚಿಕೊಂಡಿದ್ದಾರೆಂದು ಪಿಸುಗುಟ್ಟಿದವರೂ ಇದ್ದಾರೆ. ಸಂಗತಿ ಏನೆಂದರೆ, ಕೂಸಿನ ಕೆನ್ನೆಗೆ ಕೊಳವೆಯನ್ನು ಬಿಗಿಯುವ ಪಟ್ಟಿಯ ಪ್ರತಿ ಹೊಸ ಸುರುಳಿಯನ್ನೂ ಅವರು ಮೊದಲು ತಮ್ಮ ಕೈಗೆ ಹಚ್ಚಿಕೊಂಡು ಒಂದು ದಿನ ಬಿಸಿಲಲ್ಲಿ, ಬೆವರಲ್ಲಿ, ಪಾತ್ರೆ ತೊಳೆಯುವ ನೀರಲ್ಲಿ ತಿರುಗಾಡುತ್ತಾರೆ. ಅಂಚು ಎದ್ದರೆ ಆ ಸುರುಳಿ ಕಸಕ್ಕೆ. ಕಂಪನಿಯವರು ಇದಕ್ಕೆಲ್ಲ ಪರೀಕ್ಷೆ ಮಾಡಿರುತ್ತಾರಲ್ಲ ಎಂದು ನಾನೊಮ್ಮೆ ಜಾಣತನ ಮೆರೆದೆ. ಕಂಪನಿಯವರು ನಮ್ಮ ಕೂಸುಗಳ ಜೊಲ್ಲು ನೋಡಿಲ್ಲ ಎಂದು ಹೇಳಿ ಮಾತು ಮುಗಿಸಿದರು.

ತಿಂಗಳ ಎರಡನೆಯ ಭಾನುವಾರ ಶಹಾಪುರದ ಶಾಲೆಯೊಂದರ ಕೋಣೆಯಲ್ಲಿ ಕುಳಿತು ಸುತ್ತಲಿನ ಊರುಗಳ ಮಕ್ಕಳನ್ನು ನೋಡುತ್ತಾರೆ. ನನ್ನ ಹಳೆಯ ಶಿಷ್ಯ ಬಸವಂತ, ಹತ್ತಿಕುಣಿಯವನು, ಕುರಿ ಸಾಕಿ ಬದುಕುವವನು, ತನ್ನ ನಾಲ್ಕು ವರ್ಷದ ಮಗಳು ಪರಿಮಳಾಳನ್ನು ಅಲ್ಲಿಗೆ ಕರೆತಂದಿದ್ದ. ಹುಡುಗಿಯ ತುಟಿ, ಉಗುರು ನೇರಳೆಹಣ್ಣು ತಿಂದಂತೆ ನೀಲಿ. ಹತ್ತು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕುಳಿತು ಏದುಸಿರು ಬಿಡುತ್ತಿದ್ದಳು. ಅತ್ತರೆ ಮೈಯೆಲ್ಲ ಕಪ್ಪಿಟ್ಟು ಕಣ್ಣು ಮೇಲೆ ಮಾಡುತ್ತಿದ್ದಳು. ಆಪರೇಶನ್ ಆಗದಿದ್ದರೆ ಹುಡುಗಿ ಬಹಳ ದಿನ ಉಳಿಯುವುದಿಲ್ಲ ಎಂದು ಮೋನಮ್ಮ ಮರೆಮಾಚದೆ ಹೇಳಿದರು. ಕಾಗದಪತ್ರ ಓದಿ ಹೇಳಲು ಒಬ್ಬ ತಿಳಿದವರು ಬೇಕೆಂದು ಬಸವಂತ ನನ್ನನ್ನು ಕಲಬುರ್ಗಿಗೆ ಕರೆದುಕೊಂಡು ಹೋದ. ತಿಳಿದವನು ಎಂಬ ಆ ಮಾತಿಗೆ ನಾನು ಉಬ್ಬಿದ್ದೂ ನಿಜ.

ಆಪರೇಶನ್ನಿನ ದಿನ ಬೆಳಿಗ್ಗೆ ಆರರ ಸುಮಾರಿಗೆ ನಾನು ಚಹಾ ತರುವಾಗ ವಾರ್ಡಿನ ಬಾಗಿಲ ಮರೆಯಲ್ಲಿ ಬಸವಂತನ ತಾಯಿ ಮಲಕಮ್ಮ ಕುಳಿತಿದ್ದಳು. ತೊಡೆಯ ಮೇಲೆ ಮೊಮ್ಮಗಳು, ಕೈಯಲ್ಲಿ ಹಿತ್ತಾಳೆಯ ಬಟ್ಟಲು. ತಿಂಥಣಿಯ ಮೋನಪ್ಪಯ್ಯನಿಗೆ ಹರಕೆ ಹೊತ್ತು ಎಡೆ ಮಾಡಿ ತಂದ ಗೋಧಿ-ಬೆಲ್ಲದ ಮಾದಲಿಯನ್ನು ಹಾಲಲ್ಲಿ ಕಲಸಿ ಮಗುವಿನ ಬಾಯಿಗಿಡುತ್ತಿದ್ದಳು. ನಡುರಾತ್ರಿಯಿಂದ ಏನೂ ಕೊಡಬಾರದೆಂದು ನರ್ಸುಗಳು ನಾಲ್ಕು ಸಲ ಹೇಳಿದ್ದರು, ನಾನೇ ಅದನ್ನು ಅವಳಿಗೆ ಬಿಡಿಸಿ ಹೇಳಿದ್ದೆ. ಅವಳು ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ. ದೇವರ ಪ್ರಸಾದ, ನಾಲ್ಕು ತುತ್ತು, ಇಷ್ಟಕ್ಕೇನಾಗುತ್ತದೆ ಎಂದುಕೊಂಡೆ. ಆಮೇಲೆ ನರ್ಸು ಕಾಗದ ತಂದಾಗ, ‘ಕಳೆದ ರಾತ್ರಿಯಿಂದ ಏನನ್ನೂ ಕೊಟ್ಟಿಲ್ಲ’ ಎಂದು ಮುತ್ತಿನಂಥ ಅಕ್ಷರಗಳಲ್ಲಿ ತುಂಬಿದವನೂ ನಾನೇ. ಏನೂ ಅರಿಯದ ಬಸವಂತ ಕೆಳಗೆ ಸಹಿ ಮಾಡಿದ.

ಏಳೂವರೆಗೆ ಮೋನಮ್ಮ ಬಂದರು. ಕಾಗದವನ್ನು ನೋಡಿದರು, ಪಕ್ಕಕ್ಕಿಟ್ಟರು, ಮಲಕಮ್ಮನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹುಡುಗಿ ಏನು ತಿಂದಳೆಂದು ಕೇಳಲೇ ಇಲ್ಲ. ಯಾವ ದೇವರಿಗೆ ಬೇಡಿಕೊಂಡಿದ್ದಾಳೆಂದು ಕೇಳಿದರು. ಎಡೆ ಏನು ಮಾಡಿದ್ದಳೆಂದು, ಬೆಲ್ಲ ಎಷ್ಟು ಹಾಕಿದ್ದಳೆಂದು ಕೇಳಿದರು. ಕೂಸಿಗೆ ಪ್ರಸಾದ ಮುಟ್ಟಿತೋ ಇಲ್ಲವೋ ಎಂದು, ಮುಟ್ಟಿರಲೇಬೇಕು ಎಂಬ ದನಿಯಲ್ಲಿ ಕೇಳಿದರು. ನರ್ಸು ಕೇಳಿದಾಗ ಇಲ್ಲವೆಂದಿದ್ದವಳು ಮೋನಪ್ಪಯ್ಯನ ಹೆಸರು ಬಂದ ಮೇಲೆ ಇಲ್ಲವೆನ್ನಲಾರದೆ ಹೋದಳು.

“ಕೊಟ್ಟೇನ್ರಿ ಡಾಕ್ಟರಬಾಯಿ,” ಎಂದಳು. “ಹಸದ ಹೊಟ್ಟೀಲೆ ಕೂಸಿನ್ನ ಕತ್ತಿ ಬುಡಕ ಹ್ಯಾಂಗ ಕಳಸ್ಲಿ? ಮಾಸ್ತರೂ ನೋಡ್ಯಾರ್ರಿ. ಅವರೂ ಬ್ಯಾಡ ಅನ್ಲಿಲ್ಲ.”

ಮೋನಮ್ಮ ನಿಧಾನವಾಗಿ ನನ್ನತ್ತ ತಿರುಗಿದರು. ಆವತ್ತು ಗದ್ದ ನೋಡಲಿಲ್ಲ, ಕಣ್ಣನ್ನೇ ನೋಡಿದರು.

“ಆಕಿ ದೇವರಿಗಿ ಹೆದರಿ ಕೊಟ್ಟಾಳ ಸರ. ನೀವು ಯಾರಿಗಿ ಹೆದರಿ ಬರದ್ರಿ?”

ನಿದ್ದೆಗೆ ಇಳಿಸಿದ ಕೂಡಲೇ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಮರಳಿ ಬಂದು, ಆ ಕಿರುಬೆರಳಿನಷ್ಟು ದಾರಿಗೆ ಇಳಿದರೆ, ಮೊದಲೇ ಪ್ರಾಣವಾಯುವಿಗೆ ತತ್ವಾರವಾದ ಆ ಮೈ ಸಹಿಸುವುದಿಲ್ಲ ಎಂದು ಅವರು ನನಗೂ ಬಸವಂತನಿಗೂ ಪಾಠ ಹೇಳುವವರ ಹಾಗೆ ತಾಳ್ಮೆಯಿಂದ ವಿವರಿಸಿದರು. ಮಲಕಮ್ಮನಿಗೆ ಮಾತ್ರ ಒಂದೂ ಬಿರುಸಿನ ಮಾತಾಡಲಿಲ್ಲ. ಆಪರೇಶನ್ ನಿಲ್ಲಿಸಿದರು. ಎಲ್ಲ ಸಿದ್ಧಮಾಡಿಕೊಂಡಿದ್ದ ದೊಡ್ಡ ಸರ್ಜನರ ಸಿಟ್ಟು ಕಾರಿಡಾರಿನ ತುದಿಯವರೆಗೆ ಕೇಳಿಸುತ್ತಿತ್ತು. ಅದಕ್ಕೆಲ್ಲ ಇವರ ಉತ್ತರ ‘ನಾಳೆ ಮುಂಜಾನೆ’ ಎಂಬ ಎರಡೇ ಪದ. ಆ ಹಗಲೆಲ್ಲ ನಾನು ತಲೆ ಎತ್ತಲಿಲ್ಲ. ಹುಡುಗಿಗೆ ಆ ರಾತ್ರಿಯೊಳಗೆ ಏನಾದರೂ ಆದರೆ ಅದು ಕೂಡ ನನ್ನ ಅಕ್ಷರದ ಪುಣ್ಯವೇ ಎಂಬುದು ನನಗೆ ಗೊತ್ತಿತ್ತು.

ಮರುದಿನ ಪರಿಮಳಾಳನ್ನು ಗಾಲಿಮಂಚದ ಮೇಲೆ ಒಯ್ಯಲಿಲ್ಲ. ಮೋನಮ್ಮ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡರು, ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತ ಹಾಗೆ ಬಲಕ್ಕೆ ವಾಲಿ ಕಾರಿಡಾರಿನುದ್ದಕ್ಕೂ ನಡೆದರು, ಕುರಿಮರಿಗಳ ಹೆಸರು ಒಂದೊಂದಾಗಿ ಕೇಳುತ್ತ. ಅತ್ತರೆ ಇಂಥ ಕೂಸಿನ ನೆತ್ತರು ಪುಪ್ಪುಸಕ್ಕೆ ಹೋಗದೆ ತಿರುಗಿಬಿಡುತ್ತದೆ; ಆದ್ದರಿಂದ ಅವರ ಯಾವ ಕೂಸೂ ಅಳುತ್ತ ಒಳಗೆ ಹೋಗಿಲ್ಲವಂತೆ. ಒಳಗಿನ ತಂತ್ರಜ್ಞ, ಶಹಾಪುರದ ದಸ್ತಗೀರಸಾಬ, ಮುಂದಿನದನ್ನು ನನಗೆ ಹೇಳಿದವನು. ಏಳನೆಯ ಮರಿಯ ಹೆಸರು ಹೇಳುವಾಗ, ಮೂಗಿನ ಬಳಿ ಹಿಡಿದ ಅರಿವಳಿಕೆಯ ಗಾಳಿಗೆ ಹುಡುಗಿಗೆ ನಿದ್ದೆ ಹತ್ತಿತು, ಅವರ ಹೆಗಲ ಮೇಲೆಯೇ.

ಆಮೇಲೆ ಐದು ತಾಸು ಅವರು ಆ ತಲೆಯ ಬಳಿಯಿಂದ ಕದಲಲಿಲ್ಲ. ಮಗುವಿನ ಮುಖದ ಮೇಲೆಲ್ಲ ಹಸಿರು ಬಟ್ಟೆ ಮುಚ್ಚಿರುತ್ತದೆ, ಏನೂ ಕಾಣುವುದಿಲ್ಲ. ಅವರ ಎಡಗೈ ಮಾತ್ರ ಬಟ್ಟೆಯ ಕೆಳಗೆ, ಕೆನ್ನೆಯ ಮೇಲೆ, ಕೊಳವೆಯ ಪಕ್ಕದಲ್ಲಿ. ಹೃದಯದ ಚಿತ್ರ ತೆಗೆಯಲು ಅನ್ನನಾಳದಲ್ಲಿ ಇಳಿಸಿದ್ದ ಸಾಧನವನ್ನು ಯಾರೋ ತುಸು ತಿರುವಿದಾಗ ಕೊಳವೆ ಅರ್ಧ ಬೆರಳು ಒಳಗೆ ಜಾರಿತು. ತೆರೆದ ಎದೆಯಲ್ಲಿ ಎಡ ಪುಪ್ಪುಸ ಉಬ್ಬುತ್ತಿಲ್ಲವೆಂದು ಸರ್ಜನರು ತಲೆಯೆತ್ತಿ ಹೇಳುವಷ್ಟರಲ್ಲಿ ಇವರು ಅದನ್ನು ಹಿಂದಕ್ಕೆ ತಂದು, ಪಟ್ಟಿಯನ್ನು ಮತ್ತೆ ಬಿಗಿದಾಗಿತ್ತು.

“ಮಷೀನ ಕೂಗೂಕಿಂತ ಮೊದಲ ಅವರ ಕೈಗೆ ಗೊತ್ತಾಗ್ತದ್ರಿ ಸರ,” ಎಂದ ದಸ್ತಗೀರಸಾಬ. “ನಾ ಹದಿನೈದು ವರ್ಷ ನೋಡಾಕತ್ತೇನಿ. ಹ್ಯಾಂಗಂತ ಇನ್ನೂ ತಿಳದಿಲ್ಲ.”

ನನಗೂ ತಿಳಿದಿಲ್ಲ. ಕೇಳುತ್ತ ಕೇಳುತ್ತ ಮೈ ಝುಂ ಎಂದದ್ದು ಮಾತ್ರ ನೆನಪಿದೆ. ಕಾವ್ಯದಲ್ಲಿ ವಿಸ್ಮಯವೆಂಬ ಭಾವವನ್ನು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದೆ. ಅದು ಹೀಗಿರುತ್ತದೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಾಗ ಅರ್ಥವಾಯಿತು. ಸಂಜೆ ಅವರು ಹೊರಬಂದು, ಹುಡುಗಿ ಚೆನ್ನಾಗಿದ್ದಾಳೆಂದು ಮಲಕಮ್ಮನಿಗೆ ಹೇಳಿ, ಗಂಟಿನಲ್ಲಿ ಉಳಿದಿದ್ದ ಒಣ ಮಾದಲಿಯನ್ನು ಕೇಳಿ ಈಸಿಕೊಂಡು ಅಲ್ಲೇ ನಿಂತು ತಿಂದರು. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಎಂಟು ತಿಂಗಳ ಮೇಲೆ, ಒಂದು ಎರಡನೆಯ ಭಾನುವಾರ, ಪರಿಮಳಾ ಶಹಾಪುರದ ಆ ಶಾಲೆಯ ಅಂಗಳದಲ್ಲಿ ಓಡುತ್ತಿದ್ದಳು, ನಡುವೆ ಎಲ್ಲಿಯೂ ಕೂರದೆ. ತುಟಿ ಕೆಂಪಾಗಿತ್ತು. ಬಂದವರಿಗೆಲ್ಲ ಅಂಗಿ ಜಗ್ಗಿ ಎದೆಯ ಮೇಲಿನ ಉದ್ದನೆಯ ಗೆರೆ ತೋರಿಸಿ, ದೊಡ್ಡ ಡಾಕ್ಟರು ಹೊಲಿದದ್ದು ಎಂದು ಬೀಗುತ್ತಿದ್ದಳು. ಮೋನಮ್ಮ ಹತ್ತಿರ ಕರೆದಾಗ ಮಾತ್ರ ಯಾರೋ ಅಪರಿಚಿತರೆಂದು ಅಜ್ಜಿಯ ಸೆರಗಿನ ಹಿಂದೆ ಸರಿದಳು. ಉಸಿರು ಕೊಟ್ಟವರನ್ನೇ ಗುರುತಿಸಲಿಲ್ಲವಲ್ಲ ಎಂದು ನನಗೆ ಕಸಿವಿಸಿಯಾಯಿತು. ಅವರ ಮುಖ ನೋಡಿದರೆ, ಬಹುಮಾನ ಬಂದವರ ಮುಖ.

“ನೆನಪಿರಬಾರದು ಸರ,” ಎಂದರು. “ನೆನಪಿದ್ರ ಆಕಿ ಹೆದರಿದ್ಲು ಅಂತಾಗ್ತದ.”

ಇಷ್ಟಕ್ಕೇನಾಗುತ್ತದೆ ಎನ್ನುತ್ತಲೇ ನಾವು ಬಹುತೇಕ ಮಂದಿ ಬದುಕು ಸಾಗಿಸುತ್ತೇವೆ, ಮತ್ತು ಬಹುತೇಕ ದಿನ ಏನೂ ಆಗುವುದೂ ಇಲ್ಲ. ಏನೂ ಆಗದಿರುವುದರ ಹಿಂದೆ, ಇಷ್ಟಕ್ಕೇ ಎಲ್ಲವೂ ಆಗುತ್ತದೆ ಎಂದು ನಂಬಿದ ಯಾರೋ ಒಬ್ಬರು ತಾಸುಗಟ್ಟಲೆ ನಿಂತಿರುತ್ತಾರೆಂಬುದು ನಮ್ಮ ಅರಿವಿಗೆ ಬರುವುದಿಲ್ಲ. ಇಂಥವರಿಂದ ಬದುಕುಳಿದವರು ಲೋಕದಲ್ಲಿ ಬಹಳ. ಇಂಥವರನ್ನು ಕಂಡವರು ಕಡಿಮೆ, ಏಕೆಂದರೆ ಅವರು ಕೆಲಸಕ್ಕೆ ತೊಡಗುವ ಹೊತ್ತಿಗೆ ನಾವು ಕಣ್ಣು ಮುಚ್ಚಿರುತ್ತೇವೆ.