ಹುಳದ ರಜೆ

ಬೆಳಿಗ್ಗೆ ಹತ್ತೂಕಾಲಿಗೆ ಮಂಡಿಕಲ್ಲಿನ ಮಿಡ್ಲ್ ಸ್ಕೂಲಿಗೆ ಟಪಾಲು ಬಂತು. ಹನ್ನೆರಡು ದಿನಗಳ ಹಿಂದೆ ಉಪಾಧ್ಯಾಯಿನಿ ಶ್ಯಾಮಲಮ್ಮ ಬರೆದಿದ್ದ ಕಾರ್ಡು ವಾಪಸಾಗಿತ್ತು. ಬೆಂಗಳೂರಿನ ವಿಳಾಸದ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಬರೆದಿತ್ತು: ಆ ನಂಬರಿನ ಮನೆ ಇಲ್ಲ.

ಅದು 1958ರ ಫೆಬ್ರವರಿ 12, ಬುಧವಾರ.

ಕಾರ್ಡು ಅಶ್ವತ್ಥಮ್ಮನಿಗೆ ಬರೆದದ್ದು. ಹದಿಮೂರು ವರ್ಷದ ಹುಡುಗಿ. ಅಕ್ಟೋಬರಿನಲ್ಲಿ ಯಾರೋ ಆಫೀಸರ ಮನೆಗೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಳು. ಕರೆದುಕೊಂಡು ಹೋದವಳು ಮಂಗಮ್ಮ, ತಿಂಗಳಿಗೊಮ್ಮೆ ಊರಿಗೆ ಸೀರೆ ಮಾರಲು ಬರುತ್ತಿದ್ದವಳು. ವಿಳಾಸ ಕೊಟ್ಟವಳೂ ಅವಳೇ. ಬಂದು ಪರೀಕ್ಷೆಯಾದರೂ ಬರೆದು ಹೋಗು ಎಂದು ಶ್ಯಾಮಲಮ್ಮ ಕಾರ್ಡು ಹಾಕಿದ್ದಳು.

ಅವಳು ಹಾಜರಿ ಪುಸ್ತಕ ತೆಗೆದು ಅಕ್ಟೋಬರಿನ ಹಾಳೆ ನೋಡಿದಳು. ಅಶ್ವತ್ಥಮ್ಮನ ಹೆಸರಿನ ಮುಂದೆ ಸಾಲಾಗಿ ಆರು 'ಹು'.

ಆ ಅಕ್ಷರ ಅವಳದೇ ಏರ್ಪಾಡು. ರೇಷ್ಮೆ ಹುಳು ಹಣ್ಣಾದಾಗ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿದಾಗ, ಮನೆಮಂದಿಯೆಲ್ಲ ಸೇರಿ ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲ. ಬಹಳ ದಿನ ಗೈರುಹಾಜರಾದರೆ ಹೆಸರು ಹೊಡೆಯಬೇಕು. ಒಮ್ಮೆ ಹೆಸರು ಹೊಡೆದ ಹುಡುಗಿಯನ್ನು ಮತ್ತೆ ಕಳಿಸುವ ಮನೆ ಕಡಿಮೆ. ಹಾಗಾಗಿ ನಾಲ್ಕು ವರ್ಷದಿಂದ ಅವಳು ಗೈರುಹಾಜರಿಯ ಬದಲು 'ಹು' ಎಂದು ಬರೆಯುತ್ತಿದ್ದಳು. ಹೆಡ್‌ಮಾಸ್ಟರು ಕಂಡೂ ಕಾಣದಂತಿದ್ದರು. ಹುಡುಗಿಯರು ಉಳಿದರು. ಆದರೆ ಹುಳದ ರಜೆ ಎಂದ ಮೇಲೆ ಯಾರೂ ಮನೆಗೆ ಹೋಗಿ ವಿಚಾರಿಸುತ್ತಿರಲಿಲ್ಲ. ಅಶ್ವತ್ಥಮ್ಮ ಊರು ಬಿಟ್ಟದ್ದು ಶಾಲೆಗೆ ಗೊತ್ತಾದದ್ದು ಏಳನೆಯ ದಿನ.

ಶ್ಯಾಮಲಮ್ಮ ಫೆಬ್ರವರಿಯ ಹಾಳೆಗೆ ಬಂದಳು. ಗಂಗುಲಮ್ಮನ ಮುಂದೆ ಮೂರು 'ಹು'. ಮೂರನೆಯದನ್ನು ಅವಳು ಅರ್ಧ ಗಂಟೆಯ ಹಿಂದಷ್ಟೇ ಬರೆದಿದ್ದಳು.

ಕ್ಲಾಸಿಗೆ ಹೋಗಿ ಕೇಳಿದಳು: "ಗಂಗುಲಮ್ಮನ ಮನೇಲಿ ಹುಳ ಹಣ್ಣಾಗಿದ್ಯೇನ್ರೇ?"

ಹುಡುಗಿಯರು ಕಿಸಕ್ಕನೆ ನಕ್ಕರು. ಗಂಗುಲಮ್ಮನ ಪಕ್ಕ ಕೂರುತ್ತಿದ್ದ ಪೆದ್ದಮ್ಮ ಎದ್ದಳು. "ಎಲ್ಲೀ ಹಣ್ಣು ಟೀಚರ್! ರೋಗ ಬಂದು ಎಲ್ಲಾ ಸತ್ತೋದ್ವು. ಶುಕ್ರವಾರನೇ ತಿಪ್ಪೆಗೆ ಸುರಿದ್ರು. ಬೀದಿಯೆಲ್ಲಾ ನಾತ."

"ಮತ್ತೆ ಅವಳೆಲ್ಲಿ?"

"ಮಂಗಮ್ಮತ್ತೆ ಜೊತೆ ಬೆಂಗಳೂರಿಗೆ. ಕೋಳಿ ಕೂಗೋ ಹೊತ್ಗೇ ಗಾಡಿ ಕಟ್ಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದ್ರು. ಅಲ್ಲಿಂದ ರೈಲಂತೆ. ಬಸ್ಸಲ್ಲಾದ್ರೆ ಕಂಡಕ್ಟ್ರು ಎಲ್ಲಿಗೆ, ಯಾಕೆ ಅಂತ ಕೇಳ್ತಾರಂತೆ."

"ನಿನ್ನೆ, ಮೊನ್ನೆ ಯಾಕೆ ಬರಲಿಲ್ಲ ಅವಳು?"

ಪೆದ್ದಮ್ಮ ಈಗ ನಗುತ್ತಿರಲಿಲ್ಲ. "ಸ್ಕೂಲಿಗೆ ಹೋಗ್ಬೇಡ ಅಂದ್ರಂತೆ ಮಂಗಮ್ಮತ್ತೆ. ಹುಳದ ರಜೆ ಅಂದ್ಕೋತಾರೆ ಬಿಡು ಅಂದ್ರಂತೆ."

ಬೆಂಗಳೂರಿನ ರೈಲು ಚಿಕ್ಕಬಳ್ಳಾಪುರ ಬಿಡುವುದು ಹನ್ನೆರಡು ಐವತ್ತಕ್ಕೆ. ಮಂಡಿಕಲ್ಲಿನಿಂದ ಬಸ್ಸು ಹನ್ನೊಂದಕ್ಕೆ. ಆಗ ಹತ್ತು ನಲವತ್ತು. ಶ್ಯಾಮಲಮ್ಮ ಕಾರ್ಡು, ಹಾಜರಿ ಪುಸ್ತಕ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ಗಂಗುಲಮ್ಮನ ತಾಯಿ ಚಿಕ್ಕವೆಂಕಟಮ್ಮ ಗಂಡನಿಲ್ಲದವಳು. ಬಸ್ಸು ನಿಲ್ಲುವ ಜಾಗದ ಹಿಂದೆ ಆವಲಪ್ಪನ ತೋಟದಲ್ಲಿ ಕೂಲಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು.

"ಹೂನಮ್ಮ, ಕಳಿಸ್ದೆ," ಎಂದಳು, ಕೈ ನಿಲ್ಲಿಸದೆ. "ಹುಳ ಮಣ್ಣಾಯ್ತು. ಮಗೂಗೆ ಏನು ತಿನ್ಸಲಿ, ನಿಮ್ಮ ಪುಸ್ತಕಾನಾ? ಅಲ್ಲಿ ಎರಡು ಹೊತ್ತು ಊಟ ಹಾಕಿ ಹೊಲಿಗೆ ಕಲಿಸ್ತಾರಂತೆ."

ಶ್ಯಾಮಲಮ್ಮ ಕಾರ್ಡನ್ನು ಮುಂದೆ ಹಿಡಿದಳು.

"ನಂಗೆ ಓದೋಕ್ ಬರುತ್ತಾ? ಬಾಯಲ್ಲಿ ಹೇಳಿ."

"ಅಶ್ವತ್ಥಮ್ಮ ಇರೋದು ಅಂತ ವಿಳಾಸ ಕೊಟ್ರಲ್ಲ, ಅಂಥಾ ಮನೇನೇ ಇಲ್ಲ ಅಂತ ಪೋಸ್ಟಿನವರು ಬರೆದಿದ್ದಾರೆ."

"ಹುಡುಗಿ ಗುಂಡುಗುಂಡಗಾಗವ್ಳೆ ಅಂತ ಹೋದ ತಿಂಗ್ಳು ಮಂಗಮ್ಮ ಹೇಳಿದ್ಲಲ್ಲ?"

"ಹೇಳಿದ್ದು ಮಂಗಮ್ಮ. ಬೇರೆ ಯಾರಾದ್ರೂ ಕಣ್ಣಲ್ಲಿ ನೋಡಿದಾರಾ?"

ಚಿಕ್ಕವೆಂಕಟಮ್ಮನ ಕೈ ನಿಂತಿತು. ಸೊಪ್ಪಿನ ಮಂಕರಿಯನ್ನು ಸಾಲಿನಲ್ಲೇ ಬಿಟ್ಟು ಬಸ್ಸಿನ ಕಡೆ ನಡೆದಳು.

ಬಸ್ಸು ಪೆರೇಸಂದ್ರದಲ್ಲಿ ನಿಂತಿತು. ಡ್ರೈವರ್ ರಾಮಾಂಜಿನಪ್ಪ ಇಳಿದು ಹೋಟೆಲಿನ ಬೆಂಚಿನ ಮೇಲೆ ಕೂತ. ಬಸ್ಸಿನ ಮೇಲೆ ರೇಷ್ಮೆ ಗೂಡಿನ ಮೂಟೆಗಳನ್ನು ಏರಿಸುತ್ತಿದ್ದರು. ಐದು ನಿಮಿಷವಾಯಿತು, ಎಂಟಾಯಿತು. ಶ್ಯಾಮಲಮ್ಮ ಮಣಿಕಟ್ಟಿನ ಗಡಿಯಾರವನ್ನು ಕಿವಿಗೆ ಹಿಡಿದಳು, ಅಲ್ಲಾಡಿಸಿದಳು, ಮತ್ತೆ ನೋಡಿದಳು.

"ಏನ್ ಮೇಷ್ಟ್ರಮ್ಮ," ಎಂದು ರಾಮಾಂಜಿನಪ್ಪ ಅಲ್ಲಿಂದಲೇ ಕೂಗಿದ, "ಅದೇನು ಹುಣಸೆಮರಾನಾ ಹಂಗೆ ಅಲ್ಲಾಡ್ಸೋಕೆ? ಕಾಯಿ ಉದುರ್ತವಾ?"

ಬಸ್ಸಿನಲ್ಲಿದ್ದವರು ನಕ್ಕರು. ಚಿಕ್ಕವೆಂಕಟಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. "ಒರೇ ರಾಮಾಂಜಿ, ಲೇವರಾ, ಏಳೋ! ನನ್ ಮಗಳ್ನ ರೈಲು ಹತ್ತಿಸ್ತಾವ್ರೆ, ನೀನು ಕಾಫಿ ಆರಿಸ್ಕೊಂಡು ಕುಂತಿದ್ಯಾ!"

ಅವನು ಲೋಟ ಇಟ್ಟು ಎದ್ದ. "ಮುಂಚೆ ಹೇಳ್ಬಾರ್ದಾ ತಾಯಿ," ಎಂದ. ಮೇಲಿದ್ದವರು ಕೊನೆಯ ಮೂಟೆಯನ್ನು ಕಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಚಿಕ್ಕಬಳ್ಳಾಪುರದಲ್ಲಿ ಸ್ಟ್ಯಾಂಡಿಗೆ ಹೋಗದೆ ಸ್ಟೇಷನ್ ರಸ್ತೆಯ ಮೂಲೆಯಲ್ಲೇ ಇಳಿಸಿದ. ಗಡಿಯಾರದಲ್ಲಿ ಹನ್ನೆರಡು ನಲವತ್ತೊಂದು.

ಪ್ಲಾಟ್‌ಫಾರಂ ಮೇಲೆ ಗಂಗುಲಮ್ಮ ಹೊಸ ಹಸಿರು ಲಂಗದಲ್ಲಿ ಪೆಟ್ಟಿಗೆಯ ಮೇಲೆ ಕೂತು ಬೋಂಡ ತಿನ್ನುತ್ತಿದ್ದಳು. ಟೀಚರನ್ನು ಕಂಡು ಬೋಂಡವನ್ನು ಬೆನ್ನ ಹಿಂದೆ ಮರೆಮಾಡಿದಳು.

"ಅರೆ, ಮೇಷ್ಟ್ರಮ್ಮ!" ಎಂದಳು ಮಂಗಮ್ಮ. "ಬೆಂಗಳೂರಿಗಾ?"

"ಹುಡುಗೀನ ವಾಪಸ್ ಕರ್ಕೊಂಡು ಹೋಗೋಕೆ ಬಂದೆ."

"ಹೆತ್ತೋಳೇ ಕಳಿಸವ್ಳೆ. ನಡುವೆ ಕೇಳೋಕೆ ನೀವ್ಯಾರು?"

ಹಿಂದೆ ಏದುಸಿರು ಬಿಡುತ್ತಾ ಬಂದ ಚಿಕ್ಕವೆಂಕಟಮ್ಮ ಮಾತಿಗೆ ಮೊದಲು ಮಗಳ ಕೆನ್ನೆ ಮುಟ್ಟಿ ನೋಡಿದಳು.

"ನಾನೂ ಬರ್ತೀನಿ ಮಂಗಕ್ಕ. ಮನೆ ನೋಡ್ಕೊಂಡು, ಹಂಗೇ ಅಶ್ವತ್ಥಮ್ಮನ್ನೂ ಮಾತಾಡಿಸ್ಕೊಂಡು ನಾಳೆ ಬಂದ್ಬಿಡ್ತೀನಿ."

"ಆಫೀಸರ ಮನೆಗೆ ಈ ಕಾಲಲ್ಲಿ ಬರ್ತೀಯಾ? ನೋಡ್ಕೊ, ಮಣ್ಣು."

"ತೊಳ್ಕೊಂಡು ಬರ್ತೀನಿ. ಯಾವ ಬೀದಿ ಹೇಳು."

ಮಂಗಮ್ಮ ಮಲ್ಲೇಶ್ವರದ ಒಂದು ರಸ್ತೆ ಹೇಳಿದಳು. ಶ್ಯಾಮಲಮ್ಮ ಕಾರ್ಡು ತೆಗೆದಳು. "ಅಕ್ಟೋಬರಲ್ಲಿ ಇದೇ ಆಫೀಸರ ಮನೆ ಬಸವನಗುಡಿ ಅಂತ ಬರೆಸಿದ್ರಲ್ಲ?"

"ಮನೆ ಬದಲಾಯಿಸಿದ್ರು."

"ನೀವು ಕೊಟ್ಟ ನಂಬರಿನ ಮನೆ ಆ ಬೀದೀಲಿ ಇಲ್ಲ ಅಂತ ಪೋಸ್ಟಿನವರು ಬರೆದಿದ್ದಾರೆ."

ಗಂಟೆ ಹೊಡೆಯಿತು. ಚಿಕ್ಕವೆಂಕಟಮ್ಮ ಮಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಶ್ಯಾಮಲಮ್ಮ ಹುಡುಗಿಯ ಪೆಟ್ಟಿಗೆ ಎತ್ತಿಕೊಂಡಳು. ಮಂಗಮ್ಮನನ್ನು ಹಿಡಿಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು. ಪುಟ್ಟ ರೈಲು, ನಡೆದು ಹೋಗುವವನಷ್ಟೇ ವೇಗದಲ್ಲಿ ಹೊರಟಿತು. ಆಗಲೂ ಓಡಿದ್ದರೆ ಸಿಗುತ್ತಿತ್ತು ಎಂದು ಶ್ಯಾಮಲಮ್ಮನಿಗೆ ಅನಿಸಿದ್ದು ಕೊನೆಯ ಡಬ್ಬಿ ಸಿಗ್ನಲ್ ದಾಟಿದ ಮೇಲೆ.

ಸ್ಟೇಷನ್ ಮಾಸ್ಟರ್ ವೆಂಕಟರವಣಪ್ಪ ದೇವನಹಳ್ಳಿಗೆ ಸುದ್ದಿ ಕಳಿಸಿದರು. ಅಲ್ಲಿ ಡಬ್ಬಿ ಹುಡುಕಿದಾಗ ಮಂಗಮ್ಮ ಇರಲಿಲ್ಲ. ನಡುವೆ ಎಲ್ಲೋ ಇಳಿದಿದ್ದಳು.

ಪೊಲೀಸ್ ಠಾಣೆಯಲ್ಲಿ ದಫೇದಾರರು ಹಾಜರಿ ಪುಸ್ತಕ ತಿರುವಿ ಕೇಳಿದರು: "ಅಕ್ಟೋಬರಲ್ಲೇ ಯಾಕಮ್ಮ ನೀವು ಠಾಣೆಗೆ ಬರಲಿಲ್ಲ?"

"ಹುಳದ ರಜೆ ಅಂದುಕೊಂಡೆ. ಆಮೇಲೆ ಮನೆಯವರೇ ಕಳಿಸಿದ್ದು ಅಂದ್ರು, ನಂಬಿದೆ. ಅದನ್ನೂ ಬರ್ಕೊಳ್ಳಿ."

ಅವರು ಬರೆದುಕೊಂಡರು. ಅಶ್ವತ್ಥಮ್ಮನ ವಿಷಯಕ್ಕೆ ಅವಳ ತಂದೆಯೇ ದೂರು ಕೊಡಬೇಕು ಎಂದರು.

ಸಂಜೆ ಬಸ್ಸಿನಲ್ಲಿ ಗಂಗುಲಮ್ಮ ಪಿಸುಗುಟ್ಟಿದಳು: "ಟೀಚರ್, ಲಂಗ ವಾಪಸ್ ಕೊಡ್ಬೇಕಾ?"

"ಬೇಡ. ಹಾಕ್ಕೊಂಡು ನಾಳೆ ಸ್ಕೂಲಿಗೆ ಬಾ. ಪರೀಕ್ಷೆ ಮುಗಿಯೋವರೆಗೂ ಊಟ ನಮ್ಮನೇಲಿ."

ಚಿಕ್ಕವೆಂಕಟಮ್ಮ ಕಿಟಕಿಯ ಕಡೆ ಮುಖ ಮಾಡಿದ್ದಳು. "ಸೊಪ್ಪು ಅಲ್ಲೇ ಒಣಗಿರುತ್ತೆ," ಎಂದಳು. "ಆವಲಪ್ಪ ಬೈತಾನೆ."

ಗುರುವಾರ ಐವರು ಹುಡುಗಿಯರು ಬಂದಿರಲಿಲ್ಲ. ಶ್ಯಾಮಲಮ್ಮ ಹಾಜರಿ ಪುಸ್ತಕದಲ್ಲಿ ಏನನ್ನೂ ಬರೆಯದೆ ಶಾಲೆ ಬಿಟ್ಟ ಮೇಲೆ ಐದೂ ಮನೆಗೆ ನಡೆದಳು. ಐದರಲ್ಲೂ ಹುಳು ಹಣ್ಣಾಗಿತ್ತು, ಹುಡುಗಿಯರು ಆರಿಸುತ್ತಿದ್ದರು. ಆಮೇಲೆ ಅವಳು ಆರನೆಯ ಮನೆಗೆ, ಅಶ್ವತ್ಥಮ್ಮನ ಮನೆಗೆ ಹೋದಳು. ಹುಡುಗಿಯ ತಂದೆ ಬಯ್ಯಪ್ಪ ಮರ್ಯಾದೆ ಹೋಗುತ್ತದೆ ಎಂದು ಒಂದು ಗಂಟೆ ವಾದಿಸಿದ. ಆರೂವರೆಗೆ ದೂರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.