ಓಬವ್ವನ ಓಲೆಕಟ್ಟು

ಯಾರ ಮನೆಯಲ್ಲಿ ಹಳೆಯ ಓಲೆಗರಿಗಳಿವೆ ಎಂಬುದು ಹರಿಹರದ ವಾಚನಾಲಯ ನೋಡಿಕೊಳ್ಳುತ್ತಿದ್ದ ಏಕಾಂತಪ್ಪನಿಗೆ ಗೊತ್ತಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ. ದಾವಣಗೆರೆ ಗ್ರಂಥಾಲಯದ ನಿರ್ಮಲಮ್ಮ ತಂದೆಯಿಂದ ಹಳೆಯ ಲಿಪಿ ಕಲಿತಿದ್ದರು. ಅವರ ಕಪಾಟಿನಲ್ಲಿ ಒಂದು ಗರಿಯೂ ಇರಲಿಲ್ಲ. ೧೯೬೧ರಲ್ಲಿ ಎರಡೂ ಗ್ರಂಥಾಲಯಗಳ ನಡುವೆ ಮಾತಾಯಿತು: ಕೂಡಿ ಹುಡುಕುವುದು, ದಾವಣಗೆರೆಯಲ್ಲಿ ಪ್ರತಿ ಮಾಡುವುದು, ಮೂಲವನ್ನು ಹರಿಹರದಲ್ಲಿ ಕಾಪಾಡುವುದು.

ಇಬ್ಬರೂ ಮೊದಲು ಹೋದದ್ದು ಕೊಂಡಜ್ಜಿ ಎಂಬ ಹಳ್ಳಿಯ ಮುದುಕಿ ಓಬವ್ವನ ಮನೆಗೆ. ದೇವರ ಜಗಲಿಯ ಮೇಲೆ ಓಲೆಕಟ್ಟು ಸುತ್ತಿದ ಕೆಂಪು ಬಟ್ಟೆಯ ಗಂಟು, ಅದರ ಮೇಲೆ ತಲೆಮಾರುಗಳ ಕುಂಕುಮ.

“ದೇವರನ್ನ ಯಾರಾದ್ರೂ ಕೊಡ್ತಾರೇನ್ರಿ? ನಮ್ಮತ್ತಿ, ಅವರತ್ತಿ, ಎಲ್ರೂ ಪೂಜೆ ಮಾಡ್ಕೊಂತ ಬಂದಾರೆ. ಬಿಚ್ಚಿದೋರಿಲ್ಲ,” ಎಂದಳು ಓಬವ್ವ.

“ಕೊಡಾದು ಬ್ಯಾಡವ್ವ. ಹುಳ ಬಿದ್ದೈತೋ ಏನೋ, ನಿನ್ನ ಮುಂದೇ ಒಂದ್ಸಲ ನೋಡಾನ,” ಎಂದ ಏಕಾಂತಪ್ಪ.

ಮುದುಕಿ ಕೈಕಾಲು ತೊಳೆದು ಬಂದು ತಾನೇ ಗಂಟು ಬಿಚ್ಚಿದಳು. ಗರಿಗಳ ಮೇಲೆ ಒಂದಕ್ಷರವೂ ಕಾಣಲಿಲ್ಲ. ಅವಳ ಮುಖ ಸಣ್ಣದಾಯಿತು.

ನಿರ್ಮಲಮ್ಮ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ, ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಬರೆಯುವ ಕಂಟದ ಉಕ್ಕಿನ ಮೊನೆ ಕೊರೆದ ಗೀರುಗಳಲ್ಲಿ ಮಸಿ ನಿಂತಿತು. ಬರಿಯ ಗರಿಯೊಳಗಿಂದ ಸಾಲುಸಾಲು ಅಕ್ಷರಗಳು ಎದ್ದು ಬಂದವು. ಏಕಾಂತಪ್ಪ ತನಗರಿವಿಲ್ಲದೆ ಕೈ ಮುಗಿದ. ನಿರ್ಮಲಮ್ಮನವರಿಗೂ ಮೈ ಜುಮ್ಮೆಂದಿತು. ಯಾವ ಕಾಲದ ಯಾರ ಕೈಯೋ!

“ಏನಂತೈತ್ರಿ ದೇವರು?” ಎಂದಳು ಓಬವ್ವ.

ಮನಸ್ಸಿನಲ್ಲೇ ಓದಿಕೊಂಡ ನಿರ್ಮಲಮ್ಮ ತಡೆದರು. ಅದು ದೇವರ ಸ್ತುತಿಯಾಗಿರಲಿಲ್ಲ. ಈ ಮುದುಕಿಗೆ ಹೇಗೆ ಹೇಳುವುದು? ಸುಳ್ಳಾಡಲೂ ಬಾಯಿ ಬರಲಿಲ್ಲ. ಗಟ್ಟಿಯಾಗಿ ಓದಿಬಿಟ್ಟರು: “ಎತ್ತಿನ ಹೆಗಲು ಬಾತೊಡೆ ಹುಣಿಸೆಯ ಎಲೆಯಂ ಬೇಯಿಸಿ ಕಟ್ಟುವುದು. ಮಾಯುವನ್ನೆಗಂ ನೊಗವಂ ಹೂಡಲಾಗದು... ಅಜ್ಜಿ, ಇದು ದನಗಳ ವೈದ್ಯ.”

ಓಬವ್ವ ಕಣ್ಣು ಒರೆಸಿಕೊಂಡಳು.

“ಮೂಕ ಪ್ರಾಣಿ ನೋವು ತಿಳಕಂಡು ಯಾರೋ ಪುಣ್ಯಾತ್ಮ ಬರದಿಟ್ಟಾನಲ್ಲ! ಇದಕ್ಕಿಂತ ಬ್ಯಾರೆ ದೇವರು ಬೇಕೇನು ತಾಯಿ? ಇನ್ನೊಂದೀಟು ಓದ್ರಿ.”

ನಿರ್ಮಲಮ್ಮ ಓದುತ್ತಾ ಹೋದಂತೆ ನೆರೆಯವರು ಬಂದು ಸದ್ದಿಲ್ಲದೆ ಬಾಗಿಲ ತುಂಬ ನಿಂತರು. ಕೊನೆಗೆ ಓಬವ್ವ ಕಟ್ಟನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಏಕಾಂತಪ್ಪನ ಮಡಿಲಿಗಿಟ್ಟಳು. “ಓದೋರಿದ್ದ ಕಡೆ ಇರ್ಲಪ್ಪ. ನನಗ ಬೇಕಂದಾಗ ತೋರಿಸ್ಬೇಕು, ಅಷ್ಟೇ.”

ದಾವಣಗೆರೆಯಲ್ಲಿ ಪ್ರತಿ ಮುಗಿದ ದಿನ ಹರಿಹರದ ವಾಚನಾಲಯದಲ್ಲಿ ಅದನ್ನು ಓದಿಸಿದರು. ಸುತ್ತಲ ಹಳ್ಳಿಗಳ ರೈತರು ಬಂದಿದ್ದರು. ಒಳಗೆ ಜಾಗ ಸಾಲದೆ ಕಿಟಕಿಗಳಲ್ಲೂ ತಲೆಗಳು. ಓಬವ್ವ ತನ್ನ ಕಟ್ಟನ್ನಿಟ್ಟಿದ್ದ ಗಾಜಿನ ಕಪಾಟಿನ ಪಕ್ಕದಲ್ಲೇ ಕೂತಿದ್ದಳು. ಓದು ನಿಂತ ಮೇಲೂ ಯಾರೂ ಏಳಲಿಲ್ಲ.

ಆಗ ಹಿಂದಿನಿಂದ ಗುತ್ತೆಪ್ಪನೆಂಬ ರೈತ ಅಂಜುತ್ತಲೇ ಅಂದ: “ನಮ್ಮನ್ಯಾಗೂ ಇಂಥದೊಂದು ಕಟ್ಟೈತ್ರಿ. ಯಾವಾಗ ಬರ್ತೀರಿ?”